ಜಪಾನಿಗೆ ಹೊರಟ ತರುಣನಿಗೆ

ರಾಮಸಮುದ್ರದಿಂದಲೋ, ಶಹಾಪುರ ಸುರಪುರಗಳ ಆಸುಪಾಸಿನಿಂದಲೋ ಉದ್ಯೋಗಾರ್ಥಿಯಾಗಿ ಜಪಾನಿಗೆ ಹೊರಟು ನಿಂತಿರುವ ತರುಣನೇ, ಆ ಭಾಷೆಯು ದುರ್ಗಮವೆಂದು ಮೊದಲೇ ಧೃತಿಗೆಡಬೇಡ; ವಿಭಕ್ತಿಯು ನಾಮಪದದ ಬೆನ್ನಿಗೂ ಕ್ರಿಯಾಪದವು ವಾಕ್ಯದ ಅಂತ್ಯಕ್ಕೂ ಬಂದು ನಿಲ್ಲುವ ಕ್ರಮವು ನಿನಗೆ ತಾಯ ಮಡಿಲಲ್ಲಿಯೇ ಸಿದ್ಧಿಸಿದೆ. ‘ಮಿಜು ಒ ಕುದಸೈ’ ಎಂದರೆ ‘ನೀರನ್ನು ಕೊಡಿರಿ’. ‘ಎಕಿ ವ ದೊಕೊ ದೆಸು ಕ’ ಎಂದರೆ ‘ರೈಲು ನಿಲ್ದಾಣ ಎಲ್ಲಿದೆ?’ ಪದಗಳು ಹೊಸವು, ಅವುಗಳ ನಡಿಗೆ ನಮ್ಮದೇ.

ನನ್ನ ಮನಸ್ಸನ್ನು ಸೂರೆಗೊಂಡುದು ಮತ್ತೊಂದು ಮಾತು. ಮನೆಯಿಂದ ಹೊರಡುವಾಗ ಜಪಾನೀಯರು ‘ಇತ್ತೆ ಕಿಮಸು’ ಎನ್ನುವರು. ‘ಹೋಗಿ ಬರುತ್ತೇನೆ’ ಎಂಬುದೇ ಅದರ ಅಕ್ಷರಾರ್ಥ! ಬರಿದೆ ‘ಹೋಗುತ್ತೇನೆ’ ಎಂದರೆ ಅಶುಭವೆಂದು ಬಗೆದು, ಹೊಸ್ತಿಲಲ್ಲಿ ‘ಹೋಗಿ ಬರ್ತೀನ್ರಿ’ ಎಂದು ಹೇಳಿಯೇ ಹೊರಡುವ ನಮ್ಮ ಸೀಮೆಯ ಮಗನಿಗೆ ಆ ಪರದೇಶವು ಎಷ್ಟು ಪರಕೀಯವಾದೀತು? ಮನೆಯಲ್ಲುಳಿದವರು ‘ಇತ್ತೆರಶ್ಶೈ’, ಅಂದರೆ ‘ಹೋಗಿ ಬಾ’, ಎಂದು ಬೀಳ್ಕೊಡುವರು.

‘ಸುಮಿಮಸೆನ್’ ಎಂಬುದನ್ನು ಸದಾ ನಾಲಗೆಯ ತುದಿಯಲ್ಲಿರಿಸಿಕೊ: ಕ್ಷಮೆ ಬೇಡಲೂ, ಅಂಗಡಿಯವನನ್ನು ಕರೆಯಲೂ, ಉಪಕಾರ ಸ್ಮರಿಸಲೂ ಅದೊಂದೇ ಸಲ್ಲುವುದು. ನಮ್ಮ ‘ರೀ’ಯಂತೆ ಇತರರ ಹೆಸರಿಗೆ ‘ಸನ್’ ಸೇರಿಸು. ನಿನ್ನ ಹೆಸರಿಗೆ ಮಾತ್ರ ಎಂದೂ ಸೇರಿಸಬೇಡ. ಹ್ರಸ್ವದೀರ್ಘಗಳಲ್ಲಿ ಎಚ್ಚರವಿರಲಿ, ‘ಒಬಸನ್’ ಅತ್ತೆ ಚಿಕ್ಕಮ್ಮಂದಿರಾದರೆ ‘ಒಬಾಸನ್’ ಅಜ್ಜಿ. ಕನ್ನಡದ ಕಾಗುಣಿತವನ್ನು ತಿದ್ದಿದ ಕಿವಿಗೆ ಈ ಭೇದವು ಸುಲಭಗ್ರಾಹ್ಯ.

ಆಪತ್ತಿನಲ್ಲಿ ‘ತಸುಕೆತೆ ಕುದಸೈ’, ಕಾಪಾಡಿರಿ, ಎಂದು ಕೂಗು; ಆಂಬುಲೆನ್ಸಿಗೂ ಅಗ್ನಿಶಾಮಕರಿಗೂ 119, ಪೊಲೀಸರಿಗೆ 110. ಈ ಎರಡು ಸಂಖ್ಯೆಗಳನ್ನು ಹೊರಡುವ ಮುನ್ನವೇ ಕಂಠಸ್ಥ ಮಾಡಿಕೊ.