ಚಪ್ಪಲಿ ಹೊಲಿದವರು ಯಾರು, ಹೆಸರು ಯಾರದು?



ಸಂಘಗಳ ತರಬೇತಿಗೆ ಹೋದಾಗ ನಾವು ಒಂದು ಪ್ರಶ್ನೆ ಕೇಳುವುದುಂಟು: "ನಮ್ಮ ದೇಶದ ಒಂದು ಚಪ್ಪಲಿ ಕಂಪನಿ ಹೆಸರು ಹೇಳಿ ನೋಡೋಣ." ಹೆಚ್ಚಿನವರು ಕೂಡಲೇ 'ಬಾಟಾ' ಅಂತಾರೆ. ಶಾಲೆಗೆ ಹೋಗುವ ಮಕ್ಕಳ ಬೂಟಿನಿಂದ ಹಿಡಿದು ಕೆಲಸಕ್ಕೆ ಹೋಗುವವರ ಗಟ್ಟಿ ಬೂಟಿನ ತನಕ ಆ ಹೆಸರು ನಮ್ಮ ಮನೆಯದೇ ಆಗಿಬಿಟ್ಟಿದೆ. ಆದರೆ ಬಾಟಾ ಹುಟ್ಟಿದ್ದು 1894ರಲ್ಲಿ, ಈಗಿನ ಚೆಕ್ ದೇಶದ ಜ್ಲಿನ್ ಎಂಬ ಊರಿನಲ್ಲಿ. ನಮ್ಮ ದೇಶಕ್ಕೆ ಬಂದದ್ದು 1931ರಲ್ಲಿ. ಕೋಲ್ಕತ್ತದ ಹತ್ತಿರ ಬಾಟಾನಗರ ಅಂತ ಒಂದು ಊರೇ ಅದರಿಂದ ಬೆಳೆಯಿತು. ಇಲ್ಲಿನ ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈಗಲೂ ಹೊರದೇಶದ ಮೂಲ ಕಂಪನಿಯದು. ಇದನ್ನು ತಪ್ಪು ಅಂತ ಹೇಳುತ್ತಿಲ್ಲ, ಸಾವಿರಾರು ಜನರಿಗೆ ಅದರಿಂದ ಕೆಲಸ ಸಿಕ್ಕಿದೆ. ಮಾಡುವ ಕೈ ಒಬ್ಬರದು, ಹೆಸರು ಇನ್ನೊಬ್ಬರದು ಆಗಬಹುದು ಎಂಬುದನ್ನು ಮೊದಲು ಗಮನಿಸಿರಿ.

ಆಸ್ಟ್ರೇಲಿಯಾ ದೇಶದಲ್ಲಿ ಆರ್.ಎಂ. ವಿಲಿಯಮ್ಸ್ ಅಂತ ಒಂದು ಬೂಟು ಇದೆ. ದನ ಕಾಯುವವರು, ಕುದುರೆ ಏರಿ ದುಡಿಯುವವರು ಹಾಕುತ್ತಿದ್ದ ಬೂಟು, 1932ರಿಂದ ಅಡಿಲೇಡ್ ಎಂಬ ಊರಿನದು. ಹೆಸರು ಕೈಯಿಂದ ಕೈಗೆ ಹೋಗಿ, 2014ರ ಹೊತ್ತಿಗೆ ಫ್ರಾನ್ಸಿನ ದೊಡ್ಡ ಕಂಪನಿಯೊಂದರ ನಂಟಿದ್ದ ಹೂಡಿಕೆದಾರರ ಪಾಲಾಯಿತು. ಬೂಟು ಹೊಲಿಯುವವರು ಮಾತ್ರ ಅಡಿಲೇಡಿನವರೇ. ಕೊನೆಗೆ 2020ರಲ್ಲಿ ಅದೇ ದೇಶದ ಒಂದು ಶ್ರೀಮಂತ ಕುಟುಂಬ ಅದನ್ನು ಕೊಂಡುಕೊಂಡಿತು. ಮಾರಿದ ಒಡವೆಯನ್ನು ಮತ್ತೆ ದುಡ್ಡು ಸುರಿದು ಮನೆಗೆ ತಂದ ಹಾಗೆ! ಅಷ್ಟು ದುಡ್ಡು ಎಲ್ಲರ ಹತ್ತಿರ ಎಲ್ಲಿರುತ್ತೆ?

ಈಗ ನಮ್ಮ ಕಡೆಗೆ ಬರೋಣ. ಕೊಲ್ಹಾಪುರಿ ಚಪ್ಪಲಿ ನೀವೆಲ್ಲ ನೋಡಿದ್ದೀರಿ. ಹೊಲದ ಕೆಲಸಕ್ಕೆ, ಕುರಿ ಹಿಂದೆ ತಿರುಗುವುದಕ್ಕೆ, ಕಲ್ಲುಮುಳ್ಳಿನ ದಾರಿಗೆ ಮಾಡಿದ ದಪ್ಪ ಅಟ್ಟೆಯ ಚಪ್ಪಲಿ. ಹೆಸರು ಕೊಲ್ಹಾಪುರದ್ದು. ಆದರೆ ಅದನ್ನು ಮಾಡುವ ಎಷ್ಟೋ ಮನೆಗಳು ಇರುವುದು ನಮ್ಮ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯಲ್ಲಿ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡುತ್ತಾರೆ. ಮೊಳೆ ಹೊಡೆಯುವುದಿಲ್ಲ, ಹೊಲಿಗೆಯೇ ಎಲ್ಲವನ್ನೂ ಹಿಡಿದಿಡಬೇಕು. ಅಟ್ಟೆ ಕತ್ತರಿಸುವುದು ಹೆಚ್ಚಾಗಿ ಗಂಡಸರ ಕೆಲಸ. ಮೇಲಿನ ಪಟ್ಟಿ, ಜಡೆಯಂತೆ ಹೆಣೆದ ದಾರ, ತೂತಿನ ಚಿತ್ತಾರ, ಇವು ಹೆಂಗಸರ ಕೈಯವು. ಚಪ್ಪಲಿ ನೋಡಿ "ಚೆಂದ ಇದೆ" ಅಂತ ಕೊಳ್ಳುವುದು ಆ ಭಾಗವನ್ನು ನೋಡಿಯೇ ಅಲ್ಲವೇ? ಆದರೂ ಬಹಳ ಕಾಲ ಅದು 'ಮನೆಗೆಲಸದ ನಡುವೆ ಮಾಡಿದ್ದು' ಅಂತಲೇ ಲೆಕ್ಕ.

1990ರ ದಶಕದ ಕೊನೆಯಲ್ಲಿ ಅಥಣಿಯ ಹೆಂಗಸರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡರು. ಬೆಂಗಳೂರಿನ ಒಂದು ಸಂಸ್ಥೆ ಜೊತೆಗೆ ನಿಂತಿತು. 'ಟೋಹೋಲ್ಡ್' ಎಂಬ ಸ್ವಂತ ಹೆಸರಿನಲ್ಲಿ ಹೊಸ ಮಾದರಿಯ ಚಪ್ಪಲಿಗಳನ್ನು ಹೊರದೇಶಕ್ಕೂ ಕಳುಹಿಸಿದರು. ನಮ್ಮ ಹಾಗೇ ವಾರಕ್ಕೊಮ್ಮೆ ಚಾಪೆ ಹಾಸಿ ಕೂತು ಉಳಿತಾಯ ಕಟ್ಟುವ ಹೆಂಗಸರು ಇವರು, ನೆನಪಿರಲಿ.

ಮುಂದೆ 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿದ ಸುದ್ದಿ ಬಂತು. ಅಂದರೆ ಆ ಊರುಗಳಲ್ಲಿ, ಆ ಪದ್ಧತಿಯಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕು ಅನ್ನುವ ಕಾನೂನು ರಕ್ಷಣೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ನಾಲ್ಕು ಜಿಲ್ಲೆ: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಹೆಸರಿನ ಹಕ್ಕು ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳದು. ನಮ್ಮ ಕಡೆಯದು ಲಿಡ್ಕರ್, ಅವರ ಕಡೆಯದು ಲಿಡ್ಕಾಂ.

ಇದರಿಂದ ಏನಾಯ್ತು ಕೇಳಿ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಉಡುಪು ಪ್ರದರ್ಶನದಲ್ಲಿ ಥೇಟ್ ಇದೇ ರೀತಿಯ ಚಪ್ಪಲಿ ತೋರಿಸಿತು. ಭಾರತದ ಹೆಸರೇ ಇಲ್ಲ! ಜನ ಸಿಟ್ಟಾದರು. ಕಂಪನಿಯವರು ಇದು ಭಾರತದ ಕರಕುಶಲದಿಂದ ಬಂದದ್ದು ಅಂತ ಒಪ್ಪಿಕೊಂಡರು. ಕೆಲವು ವಕೀಲರು ಮುಂಬೈ ಹೈಕೋರ್ಟಿಗೆ ಹೋದರು. ನ್ಯಾಯಾಲಯ ಆ ಅರ್ಜಿಯನ್ನು ತಳ್ಳಿಹಾಕಿತು. ಹಕ್ಕಿನ ಒಡೆಯರು ನೀವಲ್ಲ, ಕೇಳುವುದಿದ್ದರೆ ಅವರು ಬಂದು ಕೇಳಲಿ ಎಂಬುದು ಮುಖ್ಯ ಕಾರಣ. ಡಿಸೆಂಬರಿನಲ್ಲಿ ಪ್ರಾಡಾ ಮಾತುಕತೆಗೆ ಕೂತು ಒಪ್ಪಂದ ಮಾಡಿಕೊಂಡದ್ದು ಲಿಡ್ಕರ್ ಮತ್ತು ಲಿಡ್ಕಾಂ ಜೊತೆ. ಇಲ್ಲಿಯ ಕುಶಲಕರ್ಮಿಗಳಿಂದಲೇ 2000 ಜೊತೆ ಮಾಡಿಸಿ, ಜೊತೆಗೆ ಸುಮಾರು 800 ಯೂರೊ, ಅಂದರೆ 80 ಸಾವಿರ ರೂಪಾಯಿಗೂ ಮೇಲೆ ಬೆಲೆ ಇಡುವ ಯೋಜನೆ ಅದು. ಇದರಲ್ಲಿ ಹೆಣೆದ ಕೈಗೆ ಬರುವುದೆಷ್ಟು ಅಂತ ನಾವೂ ಕೇಳಬೇಕು, ಕೇಳುತ್ತಲೇ ಇರಬೇಕು. ಆದರೆ ಹೆಸರು ಬರೆಸಿಟ್ಟುಕೊಂಡಿದ್ದಕ್ಕೆ ಮಾತನಾಡಲು ಒಂದು ಕುರ್ಚಿಯಾದರೂ ಸಿಕ್ಕಿತು.

ನಮ್ಮದೇ ಒಂದು ಸಂಘದ ಮಾತು ಹೇಳಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಆ ಅಕ್ಕಂದಿರು ಮೂರು ವರ್ಷ ಸಾಂಬಾರ್ ಪುಡಿ ಮಾಡಿ ಪೇಟೆಯ ಒಬ್ಬ ವ್ಯಾಪಾರಿಗೆ ಕೊಟ್ಟರು. ಚೀಟಿ ಅವನದು. ರುಚಿಗೆ ಜನ ಮರುಳಾದರು, ಕೇಳಿದ್ದು ಮಾತ್ರ ಚೀಟಿಯ ಹೆಸರನ್ನು. ನಾಲ್ಕನೇ ವರ್ಷ ಅವನು ಕಿಲೋಗೆ ಐದು ರೂಪಾಯಿ ಕಡಿಮೆಗೆ ಬೇರೆ ಕಡೆ ಮಾಡಿಸಿಕೊಂಡ. ನಮ್ಮವರು ತಾವೇ ಮಾರಲು ಅಂಗಡಿಗೆ ಹೋದರೆ, "ಇದು ಯಾವುದಮ್ಮಾ ಹೊಸದು?" ಅಂತ ಅಂಗಡಿಯವನು ಕೇಳಿದ. ತಾವೇ ಮಾಡಿದ ಪುಡಿ ತಮಗೇ ಹೊಸದಾಯಿತು. ಆಗ ನಾವೂ ಮೊದಲೇ ಎಚ್ಚರಿಸಲಿಲ್ಲ. ಆ ಬೇಸರ ಇನ್ನೂ ಇದೆ, ಈ ಪಾಠ ಬರೆಯುವುದಕ್ಕೆ ಅದೂ ಒಂದು ಕಾರಣ.

ವ್ಯಾಪಾರಿಗೆ ಕೊಡಲೇಬಾರದು ಅಂತಲ್ಲ. ಕೊಟ್ಟರೂ ಚೀಟಿಯ ಮೂಲೆಯಲ್ಲಿ 'ತಯಾರಿಸಿದವರು' ಅಂತ ಸಂಘದ ಹೆಸರು, ಊರು ಇರಲಿ. ಒಂದಿಷ್ಟು ಮಾಲನ್ನು ನಿಮ್ಮ ಹೆಸರಿನಲ್ಲೇ ಸಂತೆಯಲ್ಲಿ, ಚರ್ಚಿನ ಹಬ್ಬದಲ್ಲಿ, ಜಾತ್ರೆಯಲ್ಲಿ ಮಾರಿರಿ. ತಿಂಡಿ ಪದಾರ್ಥ ಆದರೆ ಸಣ್ಣ ತಯಾರಕರ ಆಹಾರ ಸುರಕ್ಷತಾ ನೋಂದಣಿ ಬೇಕು. ವ್ಯಾಪಾರ ಬೆಳೆದರೆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಬಹುದು, ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು.

ಇಲ್ಲಿ ಒಂದು ತೊಡಕು ಇದೆ. ನೋಂದಣಿ ಯಾರ ಹೆಸರಿನಲ್ಲಿ? ಸುಲಭ ಅಂತ ಅಧ್ಯಕ್ಷೆಯ ಹೆಸರಿನಲ್ಲಿ ಮಾಡಿಸಿದರೆ, ಅವರು ಸಂಘ ಬಿಟ್ಟ ದಿನ ಹೆಸರೂ ಅವರ ಜೊತೆ ಹೋದೀತು. ಒಳ್ಳೆಯವರೇ ಇರಬಹುದು, ಆದರೂ ಕಾಗದ ಕಾಗದವೇ. ನೋಂದಾಯಿತ ಒಕ್ಕೂಟದ ಹೆಸರಿನಲ್ಲಿ ಮಾಡಿಸುವುದು ವಾಸಿ. ಏನೇ ಮಾಡಿದರೂ ಮೊದಲು ಠರಾವು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿರಿ.

ಮುಂದಿನ ಸಭೆಗೆ ಬರುವಾಗ ನಿಮ್ಮ ಸಂಘ ಮಾಡುವ ಒಂದು ವಸ್ತುವಿನ ಪೊಟ್ಟಣ ತನ್ನಿ. ಅದರ ಮೇಲಿನ ಚೀಟಿಯನ್ನು ಓದು ಬಲ್ಲವರು ಗಟ್ಟಿಯಾಗಿ ಓದಲಿ. ಅದರಲ್ಲಿ ನಿಮ್ಮ ಹೆಸರು ಎಲ್ಲಿದೆ ಅಂತ ಎಲ್ಲರೂ ಸೇರಿ ಹುಡುಕಿರಿ.