ಗುಂಪು ಹಂತದ ಲೆಕ್ಕ ಮತ್ತು ನ್ಯಾಯ: 1982ರ ಹಿಹೋನ್ ಪಂದ್ಯದ ಅಧ್ಯಯನ

ಕ್ರೀಡಾವರದಿಯು ಕನ್ನಡ ಗದ್ಯದ ಒಂದು ಜೀವಂತ ಪ್ರಕಾರ. ದಿನಪತ್ರಿಕೆಯ ಓದುಗರಲ್ಲಿ ಎಷ್ಟೋ ಮಂದಿ ಮೊದಲು ತೆರೆಯುವುದು ಆ ಪುಟವನ್ನೇ. ಆದರೂ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಅದನ್ನು ಅಧ್ಯಯನಕ್ಕೆ ತಕ್ಕ ಬರೆಹವೆಂದು ಎಣಿಸುವುದು ವಿರಳ. ಒಂದು ಅಂಕಪಟ್ಟಿಯನ್ನು ಓದುವುದಕ್ಕೂ ಒಂದು ಪದ್ಯವನ್ನು ಓದುವುದಕ್ಕೂ ನಡುವೆ ನಾವು ಭಾವಿಸಿರುವಷ್ಟು ಅಂತರವಿಲ್ಲ. ಎರಡರಲ್ಲಿಯೂ ಹೇಳಿದ ಮಾತೊಂದಿರುತ್ತದೆ, ಹೇಳದೆ ಉಳಿದ ಮಾತೊಂದಿರುತ್ತದೆ. ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯ ಗುಂಪು ಹಂತದ ಒಂದು ಪ್ರಸಿದ್ಧ ಪ್ರಕರಣವನ್ನು ಆಧರಿಸಿ ಈ ಪಾಠವು ಅದನ್ನು ವಿವರಿಸುತ್ತದೆ.

ಪದ ಮತ್ತು ಪದ್ಧತಿ

ಕನ್ನಡ ಪತ್ರಿಕೆಗಳು ‘ಗುಂಪು ಹಂತ’, ‘ಲೀಗ್ ಪಂದ್ಯ’ ಎಂದು ಬರೆಯುವಲ್ಲಿ ಮರಾಠಿ ಪತ್ರಿಕೆಗಳು ‘ಸಾಖಳಿ ಸಾಮನೇ’ ಎನ್ನುತ್ತವೆ. ಮುಂದಿನ ನಾಕೌಟ್ ಹಂತಕ್ಕೆ ಅಲ್ಲಿ ‘ಬಾದ್ ಫೇರಿ’ ಎಂಬ ಹೆಸರಿದೆ. ‘ಸಾಖಳಿ’ ಎಂದರೆ ಸರಪಳಿ. ಸಂಸ್ಕೃತದ ‘ಶೃಂಖಲಾ’ ಶಬ್ದದಿಂದ ಬಂದುದು. ಕನ್ನಡದ ‘ಸಂಕಲೆ’ಯೂ ಅದೇ ಮೂಲದ ತದ್ಭವ. ಎರಡೂ ಭಾಷೆಗಳ ಕ್ರೀಡಾಪುಟಗಳನ್ನು ಓದುವ ಗಡಿನಾಡಿನ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಸೂಕ್ಷ್ಮ ಕಾಣಬೇಕು. ‘ಗುಂಪು’ ಎಂಬ ಪದವು ತಂಡಗಳು ಒಟ್ಟಿಗಿರುವುದನ್ನು ಮಾತ್ರ ಹೇಳುತ್ತದೆ. ‘ಸಾಖಳಿ’ ಎಂಬ ಪದವು ಪಂದ್ಯಗಳು ಒಂದಕ್ಕೊಂದು ಬಿಗಿದುಕೊಂಡಿರುವುದನ್ನು ಹೇಳುತ್ತದೆ. ಒಂದು ಕೊಂಡಿ ಅಲುಗಿದರೆ ಉಳಿದ ಕೊಂಡಿಗಳೂ ಅಲುಗುತ್ತವೆ. ಗುಂಪು ಹಂತದ ಸ್ವಭಾವವನ್ನು ಎರಡನೆಯ ಪದವೇ ಹೆಚ್ಚು ಹಿಡಿದಿಟ್ಟಿದೆ ಎನ್ನಬಹುದು.

ಪದ್ಧತಿ ಸರಳವಾದುದು. ನಾಲ್ಕು ತಂಡಗಳ ಗುಂಪಿನಲ್ಲಿ ಪ್ರತಿ ತಂಡವೂ ಉಳಿದ ಮೂರರೊಡನೆ ಒಮ್ಮೊಮ್ಮೆ ಆಡುತ್ತದೆ. ಹೀಗೆ ಒಟ್ಟು ಆರು ಪಂದ್ಯಗಳು. ಗೆಲುವಿಗೆ ಇಷ್ಟು, ಡ್ರಾ ಆದರೆ ಇಷ್ಟು ಎಂದು ಅಂಕಗಳು. 1982ರಲ್ಲಿ ಅಂಕಗಳು ಸಮವಾದಾಗ ನೋಡುತ್ತಿದ್ದುದು ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದು ಉಳಿದುದು; ಅದೂ ಸಮವಾದರೆ ಹೊಡೆದ ಗೋಲುಗಳ ಸಂಖ್ಯೆ. 1982ರಲ್ಲಿ ಗೆಲುವಿಗೆ 2 ಅಂಕ, ಡ್ರಾಗೆ 1 ಅಂಕ ಇದ್ದವು. ವಿಶ್ವಕಪ್ಪಿನಲ್ಲಿ ಗೆಲುವಿಗೆ 3 ಅಂಕ ಬಂದದ್ದು 1994ರಲ್ಲಿ.

ಈ ಲೆಕ್ಕ ಎಷ್ಟು ನಿಷ್ಠುರವೆಂಬುದಕ್ಕೆ ಅದೇ 1982ರ ಒಂದನೆಯ ಗುಂಪು ಸಾಕ್ಷಿ. ಇಟಲಿಯೂ ಕ್ಯಾಮರೂನ್ ದೇಶವೂ ಮೂರು ಮೂರು ಪಂದ್ಯಗಳನ್ನು ಡ್ರಾ ಮಾಡಿಕೊಂಡವು. ಎರಡೂ ಸೋಲಲಿಲ್ಲ, ಎರಡೂ ಗೆಲ್ಲಲಿಲ್ಲ. ಇಟಲಿ 2 ಗೋಲು ಹೊಡೆದಿತ್ತು, ಕ್ಯಾಮರೂನ್ 1. ಆ ಒಂದು ಗೋಲಿನ ಅಂತರದಲ್ಲಿ ಕ್ಯಾಮರೂನ್ ಸೋಲನ್ನೇ ಕಾಣದೆ ಮನೆಗೆ ಮರಳಿತು. ಇಟಲಿ ಮುಂದೆ ವಿಶ್ವಕಪ್ಪನ್ನೇ ಗೆದ್ದಿತು.

ಎರಡನೆಯ ಗುಂಪಿನ ಐದು ಪಂದ್ಯಗಳು

ಸ್ಪೇನ್ ದೇಶದಲ್ಲಿ ನಡೆದ ಆ ಪಂದ್ಯಾವಳಿಯಲ್ಲಿ ಮೊದಲ ಬಾರಿಗೆ 24 ತಂಡಗಳಿದ್ದವು. ಎರಡನೆಯ ಗುಂಪಿನಲ್ಲಿ ಪಶ್ಚಿಮ ಜರ್ಮನಿ, ಆಸ್ಟ್ರಿಯಾ, ಚಿಲಿ ಮತ್ತು ಅಲ್ಜೀರಿಯಾ. ಪಂದ್ಯಗಳು ಉತ್ತರ ಸ್ಪೇನಿನ ಹಿಹೋನ್ ಮತ್ತು ಓವಿಯೆದೊ ನಗರಗಳಲ್ಲಿ ನಡೆದವು. ಅಲ್ಜೀರಿಯಾ ಫ್ರಾನ್ಸಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿ ಆಗ ಇಪ್ಪತ್ತು ವರ್ಷಗಳಾಗಿದ್ದವು. ವಿಶ್ವಕಪ್ಪಿನಲ್ಲಿ ಅದು ಆ ದೇಶದ ಮೊದಲ ಹೆಜ್ಜೆ.

ಜೂನ್ 16ರಂದು ಹಿಹೋನ್‌ನಲ್ಲಿ ಯುರೋಪಿನ ಚಾಂಪಿಯನ್ ಆಗಿದ್ದ ಪಶ್ಚಿಮ ಜರ್ಮನಿಯನ್ನು ಅಲ್ಜೀರಿಯಾ 2–1ರಿಂದ ಸೋಲಿಸಿತು. ರಬಾ ಮಾಜೇರ್ ಮೊದಲ ಗೋಲು ಹೊಡೆದರು. ಕಾರ್ಲ್‌ಹೈನ್ಸ್ ರುಮ್ಮೆನಿಗ್ಗೆ ಸಮಮಾಡಿದ ಮರುನಿಮಿಷದಲ್ಲಿಯೇ ಲಖ್ದರ್ ಬೆಲ್ಲೂಮಿ ಗೆಲುವಿನ ಗೋಲು ಹೊಡೆದರು. ವಿಶ್ವಕಪ್ಪಿನಲ್ಲಿ ಆಫ್ರಿಕಾದ ತಂಡವೊಂದು ಯುರೋಪಿನ ತಂಡವನ್ನು ಸೋಲಿಸಿದ್ದು ಅದೇ ಮೊದಲು. ಜೂನ್ 17ರಂದು ಆಸ್ಟ್ರಿಯಾ ಚಿಲಿಯನ್ನು 1–0ರಿಂದ, 20ರಂದು ಪಶ್ಚಿಮ ಜರ್ಮನಿ ಚಿಲಿಯನ್ನು 4–1ರಿಂದ, 21ರಂದು ಆಸ್ಟ್ರಿಯಾ ಅಲ್ಜೀರಿಯಾವನ್ನು 2–0ಯಿಂದ ಸೋಲಿಸಿದವು. ಜೂನ್ 24ರಂದು ಅಲ್ಜೀರಿಯಾ ಚಿಲಿಯ ವಿರುದ್ಧ ಮಧ್ಯಂತರದ ವೇಳೆಗೆ 3–0 ಮುಂದಿದ್ದು, ಅನಂತರ ಎರಡು ಗೋಲು ಬಿಟ್ಟುಕೊಟ್ಟು, 3–2ರಿಂದ ಗೆದ್ದಿತು.

ಅಲ್ಜೀರಿಯಾದ ಪಂದ್ಯಗಳು ಅಲ್ಲಿಗೆ ಮುಗಿದವು. ಆಸ್ಟ್ರಿಯಾಕ್ಕೆ 4 ಅಂಕ, ಗೋಲು ವ್ಯತ್ಯಾಸ ಅಧಿಕ 3. ಅಲ್ಜೀರಿಯಾಕ್ಕೆ 4 ಅಂಕ, ಗೋಲು ವ್ಯತ್ಯಾಸ ಸೊನ್ನೆ. ಪಶ್ಚಿಮ ಜರ್ಮನಿಗೆ 2 ಅಂಕ, ಗೋಲು ವ್ಯತ್ಯಾಸ ಅಧಿಕ 2. ಇಬ್ಬರಿಗೆ ಮಾತ್ರ ಮುಂದಿನ ಹಂತಕ್ಕೆ ದಾರಿ. ಉಳಿದಿದ್ದ ಪಂದ್ಯ ಒಂದೇ: ಮಾರನೆಯ ದಿನ, ಜೂನ್ 25ರಂದು, ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ.

ಕೊನೆಯ ದಿನದ ಲೆಕ್ಕ

ಆ ಪಂದ್ಯಕ್ಕೆ ಮೂರು ಬಗೆಯ ಮುಕ್ತಾಯಗಳು ಸಾಧ್ಯವಿದ್ದವು. ಪಂದ್ಯ ಡ್ರಾ ಆದರೆ ಅಥವಾ ಆಸ್ಟ್ರಿಯಾ ಗೆದ್ದರೆ ಪಶ್ಚಿಮ ಜರ್ಮನಿ ಹೊರಕ್ಕೆ. ಪಶ್ಚಿಮ ಜರ್ಮನಿ ಮೂರು ಗೋಲುಗಳ ಅಂತರದಿಂದ, ಉದಾಹರಣೆಗೆ 3–0 ಎಂದು ಗೆದ್ದರೆ, ಆಸ್ಟ್ರಿಯಾದ ಗೋಲು ವ್ಯತ್ಯಾಸವೂ ಸೊನ್ನೆಯಾಗಿ, ಹೆಚ್ಚು ಗೋಲು ಹೊಡೆದ ಅಲ್ಜೀರಿಯಾ ಮುಂದಕ್ಕೆ, ಆಸ್ಟ್ರಿಯಾ ಹೊರಕ್ಕೆ. ಪಶ್ಚಿಮ ಜರ್ಮನಿ ಒಂದು ಅಥವಾ ಎರಡು ಗೋಲುಗಳ ಅಂತರದಿಂದ ಗೆದ್ದರೆ ಆಡುತ್ತಿರುವ ಇಬ್ಬರೂ ಮುಂದಕ್ಕೆ. ಆಡಿ ಮುಗಿಸಿ ಕಾಯುತ್ತಿರುವವನು ಹೊರಕ್ಕೆ.

ಇಲ್ಲಿ ಒಂದು ಮಾತು. ಅಲ್ಜೀರಿಯಾ ಚಿಲಿಯ ವಿರುದ್ಧದ 3–0 ಮುನ್ನಡೆಯನ್ನು ಹಾಗೆಯೇ ಉಳಿಸಿಕೊಂಡಿದ್ದರೆ ಅದರ ಗೋಲು ವ್ಯತ್ಯಾಸ ಅಧಿಕ 2 ಆಗುತ್ತಿತ್ತು. ಆಗ ಆಸ್ಟ್ರಿಯಾ 1–0ಯಿಂದ ಸೋತರೂ ಅದರ ವ್ಯತ್ಯಾಸ ಅಧಿಕ 2ಕ್ಕೆ ಇಳಿದು, ಹೊಡೆದ ಗೋಲುಗಳ ಲೆಕ್ಕದಲ್ಲಿ ಹಿಂದೆ ಬೀಳುತ್ತಿತ್ತು. ಇಬ್ಬರಿಗೂ ಒಪ್ಪಿಗೆಯಾಗುವ ಆ ಸುಲಭದ ಮುಕ್ತಾಯ ಇರುತ್ತಿರಲಿಲ್ಲ. ಗೆದ್ದ ಪಂದ್ಯದಲ್ಲಿ, ಯಾರೂ ಮುಖ್ಯವೆಂದು ಎಣಿಸದ ಹೊತ್ತಿನಲ್ಲಿ ಬಿಟ್ಟುಕೊಟ್ಟ ಎರಡು ಗೋಲುಗಳು ಮಾರನೆಯ ದಿನದ ಬಾಗಿಲನ್ನು ತೆರೆದಿಟ್ಟವು. ಸರಪಳಿ ಎಂಬ ಪದದ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಎಂಬತ್ತು ನಿಮಿಷಗಳು

ಪಂದ್ಯ ಆರಂಭವಾಗಿ ಹತ್ತು ನಿಮಿಷಗಳ ಸುಮಾರಿಗೆ ಹೋರ್ಸ್ಟ್ ಹ್ರೂಬೆಶ್ ಪಶ್ಚಿಮ ಜರ್ಮನಿಗೆ ಗೋಲು ಹೊಡೆದರು. ಅಲ್ಲಿಂದಾಚೆಗೆ ಆಟ ಕ್ರಮೇಣ ತಣ್ಣಗಾಯಿತು. ಮಧ್ಯಂತರದ ಬಳಿಕ ಬಹುಮಟ್ಟಿಗೆ ನಿಂತೇಹೋಯಿತು. ಚೆಂಡು ತಮ್ಮತಮ್ಮವರ ನಡುವೆಯೇ ಸುತ್ತಿತು, ಗೋಲಿಗೆ ಹಿಂದಿರುಗಿತು, ಮತ್ತೆ ಸುತ್ತಿತು. ಪ್ರೇಕ್ಷಕರಲ್ಲಿದ್ದ ಅಲ್ಜೀರಿಯನ್ನರು ಕೈಯಲ್ಲಿ ನೋಟುಗಳನ್ನು ಹಿಡಿದು ಬೀಸಿದರು. ಸ್ಪೇನಿನ ಪ್ರೇಕ್ಷಕರು ಕೂಗಿ ಧಿಕ್ಕರಿಸಿದರು. ಆಸ್ಟ್ರಿಯಾದ ದೂರದರ್ಶನ ವೀಕ್ಷಕ ವಿವರಣೆಕಾರ ರೋಬರ್ಟ್ ಸೇಗರ್ ನೋಡುಗರಿಗೆ ಟೀವಿಯನ್ನು ಆರಿಸಿಬಿಡಿ ಎಂದರು. ಪಂದ್ಯ 1–0ಯಲ್ಲಿ ಮುಗಿಯಿತು. ಮೂವರಿಗೂ 4 ಅಂಕ; ಗೋಲು ವ್ಯತ್ಯಾಸ ಕ್ರಮವಾಗಿ 3, 2, 0. ಅಲ್ಜೀರಿಯಾ ಹೊರಬಿತ್ತು.

ಅಲ್ಜೀರಿಯಾ ಫಿಫಾಗೆ ದೂರು ಸಲ್ಲಿಸಿತು. ನಿಯಮದ ಉಲ್ಲಂಘನೆ ಕಾಣುವುದಿಲ್ಲವೆಂದು ಫಿಫಾ ಫಲಿತಾಂಶವನ್ನು ಹಾಗೆಯೇ ಉಳಿಸಿತು. ನಿಧಾನವಾಗಿ ಆಡಬಾರದೆಂದು ಯಾವ ನಿಯಮವೂ ಹೇಳಿರಲಿಲ್ಲ. ತಂಡಗಳೆರಡೂ ಮೊದಲೇ ಮಾತಾಡಿಕೊಂಡಿದ್ದವೇ ಎಂಬುದಕ್ಕೆ ಉತ್ತರ ಹುಡುಕುವ ಅಗತ್ಯವೂ ಇಲ್ಲ. ಮಾತಾಡಿಕೊಳ್ಳದೆಯೇ ಒಪ್ಪಂದ ಏರ್ಪಡುವಂತೆ ವ್ಯವಸ್ಥೆಯೇ ಅವಕಾಶ ಮಾಡಿಕೊಟ್ಟಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ದೋಷ ಎಲ್ಲಿತ್ತು?

ಲೆಕ್ಕದ ಕ್ರಮ ಬೇರೆಯಾಗಿದ್ದರೆ ಅಲ್ಜೀರಿಯಾಕ್ಕೆ ನ್ಯಾಯ ಸಿಗುತ್ತಿತ್ತೆ ಎಂದು ಕೇಳುವುದು ಸಹಜ. ಪರೀಕ್ಷಿಸಿ ನೋಡಬಹುದು. ಗೆಲುವಿಗೆ 3 ಅಂಕ ಕೊಟ್ಟರೆ ಮೂವರಿಗೂ ತಲಾ 6 ಅಂಕ, ಸ್ಥಿತಿ ಬದಲಾಗದು. ಚಿಲಿಯನ್ನು ಬಿಟ್ಟು ಸಮಾಂಕದ ಮೂವರ ಪರಸ್ಪರ ಪಂದ್ಯಗಳನ್ನಷ್ಟೇ ಎಣಿಸಿದರೆ ಪ್ರತಿಯೊಬ್ಬರೂ ಒಂದನ್ನು ಗೆದ್ದು ಒಂದನ್ನು ಸೋತಿದ್ದಾರೆ: ಆಸ್ಟ್ರಿಯಾದ ವ್ಯತ್ಯಾಸ ಅಧಿಕ 1, ಪಶ್ಚಿಮ ಜರ್ಮನಿಯದು ಸೊನ್ನೆ, ಅಲ್ಜೀರಿಯಾದ್ದು ಊನ 1. ಆಗಲೂ ಹೊರಬೀಳುವುದು ಅಲ್ಜೀರಿಯಾವೇ.

ಆದುದರಿಂದ ದೋಷವಿದ್ದುದು ಅಂಕಗಣಿತದಲ್ಲಿ ಅಲ್ಲ, ಗಡಿಯಾರದಲ್ಲಿ. ಕೊನೆಯ ಎರಡು ಪಂದ್ಯಗಳು ಬೇರೆಬೇರೆ ದಿನ ನಡೆದುದರಿಂದ ಒಬ್ಬರು ಕತ್ತಲಲ್ಲಿ ಆಡಿದರು, ಇನ್ನಿಬ್ಬರು ಬೆಳಕಿನಲ್ಲಿ ಆಡಿದರು. ಅಲ್ಜೀರಿಯಾಕ್ಕೆ ತನಗೆಷ್ಟು ಗೋಲು ಬೇಕೆಂದು ತಿಳಿದಿರಲಿಲ್ಲ. ಉಳಿದಿಬ್ಬರಿಗೆ ಖಚಿತವಾಗಿ ತಿಳಿದಿತ್ತು. ನಿಯಮವು ಎಲ್ಲರಿಗೂ ಒಂದೇ ಆಗಿದ್ದರೂ ತಿಳಿವು ಎಲ್ಲರಿಗೂ ಒಂದೇ ಆಗಿರಲಿಲ್ಲ. ಸಮಾನ ನಿಯಮ ಮಾತ್ರದಿಂದ ಸಮಾನ ನ್ಯಾಯ ಸಿದ್ಧಿಸದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ವಾಚ್ಯ ಮತ್ತು ಧ್ವನಿ

ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳು ಈ ಪ್ರಕರಣವನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಒಂಬತ್ತನೆಯ ಶತಮಾನದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ವಾಚ್ಯಾರ್ಥಕ್ಕಿಂತ ಬೇರೆಯಾದ ಪ್ರತೀಯಮಾನ ಅರ್ಥವನ್ನು ಪ್ರತಿಪಾದಿಸಿದನು. ಹೊತ್ತು ಮುಳುಗಿತೆಂಬ ಒಂದೇ ಮಾತು ದನ ಮೇಯಿಸುವವನಿಗೆ ಒಂದು ಅರ್ಥ ಕೊಟ್ಟರೆ ಕಳ್ಳನಿಗೆ ಇನ್ನೊಂದು ಅರ್ಥ ಕೊಡುತ್ತದೆಂಬುದು ಅಲಂಕಾರಶಾಸ್ತ್ರದ ಪರಿಚಿತ ವಿವರಣೆ. ಅರ್ಥವನ್ನು ಪ್ರಕರಣವು, ಅಂದರೆ ಸಂದರ್ಭವು, ನಿರ್ಣಯಿಸುತ್ತದೆ.

ಈ ಗುಂಪಿನಲ್ಲಿ 1–0 ಎಂಬ ಫಲಿತಾಂಶ ಎರಡು ಬಾರಿ ಬಂದಿದೆ. ಜೂನ್ 17ರ 1–0 ಎಂದರೆ ಆಸ್ಟ್ರಿಯಾ ಚಿಲಿಯನ್ನು ಸೋಲಿಸಿತು ಎಂದಷ್ಟೇ. ಜೂನ್ 25ರ 1–0ಯ ವಾಚ್ಯಾರ್ಥ, ಆಸ್ಟ್ರಿಯಾ ಸೋತಿತು. ಅದರ ಧ್ವನಿ, ಸೋತವನೂ ಗೆದ್ದನು, ಅಂಗಣದಲ್ಲಿಯೇ ಇಲ್ಲದವನು ಸೋತನು. ಅಂಕಿ ಎರಡೂ ಕಡೆ ಒಂದೇ. ಫಲಿತಾಂಶದ ಪಟ್ಟಿಯನ್ನು ಮಾತ್ರ ನೋಡಿದವನಿಗೆ ಎರಡನೆಯ ಅರ್ಥ ಎಂದಿಗೂ ಕೇಳಿಸದು. ಫಿಫಾ ವಾಚ್ಯಾರ್ಥವನ್ನು ಓದಿ ತೀರ್ಪಿತ್ತಿತು; ಪ್ರೇಕ್ಷಕರು ಧ್ವನಿಯನ್ನು ಕೇಳಿ ಧಿಕ್ಕರಿಸಿದರು. ಉತ್ತಮ ವರದಿಗಾರನು ಇವೆರಡನ್ನೂ ಓದುಗನಿಗೆ ತಲುಪಿಸಬೇಕು. ಆದರೆ ಧ್ವನಿಯನ್ನು ಸಾಕ್ಷ್ಯವೆಂದು ಬರೆಯಬಾರದು. ‘ಒಪ್ಪಂದ ಮಾಡಿಕೊಂಡರು’ ಎಂದು ಬರೆಯುವುದಕ್ಕೂ ‘ಇಬ್ಬರಿಗೂ ಅನುಕೂಲವಾದ ಅಂತರವನ್ನು ಇಬ್ಬರೂ ಕದಲಿಸಲಿಲ್ಲ’ ಎಂದು ಬರೆಯುವುದಕ್ಕೂ ಇರುವ ಭೇದವೇ ಗದ್ಯದ ಪ್ರಾಮಾಣಿಕತೆ.

ಆಮೇಲಿನ ತಿದ್ದುಪಡಿ

1986ರ ವಿಶ್ವಕಪ್ಪಿನಿಂದ ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ವೇಳೆಗೆ ಆರಂಭಿಸುವ ಕ್ರಮ ಬಂದಿತು. ಇದು ಅಲ್ಜೀರಿಯಾಕ್ಕೆ ತಡವಾಗಿ ಸಂದ ಉತ್ತರ. ಅದರ ಫಲ ಮಾತ್ರ ಬೇರೆಯವರದು.

ತಿದ್ದುಪಡಿಯಿಂದ ಎಲ್ಲವೂ ಸರಿಹೋಯಿತೆಂದಲ್ಲ. 2018ರ ಜೂನ್ 28ರಂದು ರಷ್ಯಾದಲ್ಲಿ ಜಪಾನ್ ಪೋಲೆಂಡಿಗೆ, ಸೆನೆಗಲ್ ಕೊಲಂಬಿಯಾಕ್ಕೆ, ಏಕಕಾಲದಲ್ಲಿ 1–0ಯಿಂದ ಸೋತವು. ಜಪಾನ್ ಮತ್ತು ಸೆನೆಗಲ್ ಅಂಕದಲ್ಲಿ, ಗೋಲು ವ್ಯತ್ಯಾಸದಲ್ಲಿ, ಹೊಡೆದ ಗೋಲುಗಳಲ್ಲಿ ಸಮ. ಅವುಗಳ ನಡುವಣ ಪಂದ್ಯವೂ 2–2. ಕೊನೆಗೆ ಹಳದಿ ಕಾರ್ಡುಗಳನ್ನು ಎಣಿಸಲಾಯಿತು: ಜಪಾನಿಗೆ 4, ಸೆನೆಗಲ್‌ಗೆ 6. ಇನ್ನೊಂದು ಅಂಗಣದ ಸುದ್ದಿ ತಿಳಿದ ಜಪಾನ್ ತಾನು ಸೋಲುತ್ತಿದ್ದರೂ ಕೊನೆಯ ನಿಮಿಷಗಳಲ್ಲಿ ಚೆಂಡನ್ನು ಹಿಂದೆಯೇ ಸುತ್ತಿಸಿ, ಸೋಲನ್ನು ಕಾಪಾಡಿಕೊಂಡು ಮುಂದೆ ಹೋಯಿತು. ಆದರೆ ಇಲ್ಲಿ ಒಂದು ಭೇದವುಂಟು: ಸೆನೆಗಲ್ ಇನ್ನೂ ಆಡುತ್ತಿತ್ತು. ಅದು ಒಂದು ಗೋಲು ಹೊಡೆದಿದ್ದರೆ ಜಪಾನಿನ ಲೆಕ್ಕವೆಲ್ಲ ಕೆಡುತ್ತಿತ್ತು. 1982ರ ಅಲ್ಜೀರಿಯಾಕ್ಕೆ ಆ ಅವಕಾಶವೂ ಇರಲಿಲ್ಲ.

2026ರ ವಿಶ್ವಕಪ್ಪಿಗೆ ತಂಡಗಳನ್ನು 48ಕ್ಕೆ ಏರಿಸಿದಾಗ ಮೂರು ಮೂರು ತಂಡಗಳ 16 ಗುಂಪುಗಳೆಂದು ಮೊದಲು ಯೋಜನೆಯಿತ್ತು. ಮೂವರ ಗುಂಪಿನಲ್ಲಿ ಕೊನೆಯ ಪಂದ್ಯದ ದಿನ ಒಬ್ಬನು ಅನಿವಾರ್ಯವಾಗಿ ಹೊರಗೆ ಕುಳಿತಿರುತ್ತಾನೆ. ಹಿಹೋನ್ ಮರುಕಳಿಸುವ ಭಯ ಅಲ್ಲಿತ್ತು. 2023ರ ಮಾರ್ಚಿನಲ್ಲಿ ಫಿಫಾ ಆ ಯೋಜನೆಯನ್ನು ಕೈಬಿಟ್ಟು, ನಾಲ್ಕು ತಂಡಗಳ 12 ಗುಂಪುಗಳನ್ನು ನಿಗದಿಪಡಿಸಿತು. ಆದರೂ ಮೂರನೆಯ ಸ್ಥಾನದ ಎಂಟು ತಂಡಗಳು ಮುಂದೆ ಹೋಗುವ ಈ ಕ್ರಮದಲ್ಲಿ, ತಡವಾಗಿ ಮುಗಿಯುವ ಗುಂಪಿನವರಿಗೆ ಬೇಕಾದ ಅಂಕವೆಷ್ಟೆಂದು ಮೊದಲೇ ತಿಳಿಯುತ್ತದೆ. ಗಡಿಯಾರದ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ.

ಅಲ್ಜೀರಿಯಾ ಮತ್ತು ಜರ್ಮನಿ ವಿಶ್ವಕಪ್ಪಿನಲ್ಲಿ ಮತ್ತೆ ಎದುರಾದದ್ದು 2014ರ ಜೂನ್ 30ರಂದು, ಬ್ರೆಜಿಲಿನ ಪೋರ್ತೊ ಅಲೆಗ್ರೆಯಲ್ಲಿ. ಅದು ನಾಕೌಟ್ ಪಂದ್ಯ. ಹೆಚ್ಚುವರಿ ಅವಧಿಯವರೆಗೂ ಹೋರಾಡಿ ಅಲ್ಜೀರಿಯಾ 2–1ರಿಂದ ಸೋತಿತು. ಆ ದಿನ ಸೋತವರು ಅಂಗಣದಲ್ಲಿದ್ದು ಸೋತರು.

ಅಭ್ಯಾಸ

1. ಅಲ್ಜೀರಿಯಾ ಚಿಲಿಯನ್ನು 3–1ರಿಂದ ಸೋಲಿಸಿದ್ದರೆ, ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ 1–0 ಗೆದ್ದಾಗ ಯಾರು ಮುಂದೆ ಹೋಗುತ್ತಿದ್ದರು? 2–0 ಗೆದ್ದಾಗ? ಲೆಕ್ಕ ಮಾಡಿ, ಕಾರಣಸಹಿತ ಬರೆಯಿರಿ.

2. ಜೂನ್ 25ರ ಪಂದ್ಯದ ಎರಡು ವರದಿಗಳನ್ನು ನೂರು ನೂರು ಪದಗಳಲ್ಲಿ ಬರೆಯಿರಿ: ಒಂದು ವಾಚ್ಯಾರ್ಥವನ್ನು ಮಾತ್ರ ಹೇಳುವುದು, ಇನ್ನೊಂದು ಆರೋಪ ಮಾಡದೆ ಧ್ವನಿಯನ್ನು ತಲುಪಿಸುವುದು.

3. ಒಂದು ವಾರದ ಕನ್ನಡ ಮತ್ತು ಮರಾಠಿ ದಿನಪತ್ರಿಕೆಗಳ ಕ್ರೀಡಾಪುಟಗಳಿಂದ ಒಂದೇ ಅರ್ಥದ ಹತ್ತು ಜೋಡಿ ಪದಗಳನ್ನು ಸಂಗ್ರಹಿಸಿ, ಪ್ರತಿ ಜೋಡಿಯಲ್ಲಿ ಯಾವ ಪದ ವಸ್ತುವಿನ ಸ್ವಭಾವವನ್ನು ಹೆಚ್ಚು ಹಿಡಿದಿದೆ ಎಂದು ಚರ್ಚಿಸಿರಿ.