ಆಸ್ಟ್ರೇಲಿಯದ ಡೀಸೆಲ್ ಎಂಜಿನ್ನು: ಹಳಿಯ ಮೇಲೆ, ಮೇಜಿನ ಮೇಲೆ, ಗಣಕದೊಳಗೆ

ಆಸ್ಟ್ರೇಲಿಯದ ಹಳಿಗಳ ಮೇಲೆ ಓಡುವ ಎನ್‌ಆರ್ ವರ್ಗದ ಡೀಸೆಲ್ ಎಂಜಿನ್ನೊಂದರ ತೂಕ ೧೩೨ ಟನ್ನು. ಅದರ ಉದ್ದ, ಅಗಲ, ಎತ್ತರಗಳನ್ನೆಲ್ಲ ೮೭ರಲ್ಲಿ ಒಂದು ಪಾಲಿಗೆ ಇಳಿಸಿ, ಅವೇ ಲೋಹಗಳಿಂದ ಒಂದು ಪುಟ್ಟ ಎಂಜಿನ್ನನ್ನು ಮಾಡಿದರೆ ಅದು ಎಷ್ಟು ತೂಗುವುದು? ಈ ಪ್ರಶ್ನೆಯನ್ನು ಒಂಬತ್ತನೆಯ ತರಗತಿಯಲ್ಲಿ ಕೇಳಿದರೆ ಹಲವರು ೧೩೨ನ್ನು ೮೭ರಿಂದ ಭಾಗಿಸಿ "ಒಂದೂವರೆ ಟನ್ನು" ಎನ್ನುವರು. ಹಾಗಾದರೆ ಆ ಆಟಿಕೆಯನ್ನು ಹೊತ್ತ ಮೇಜಿನ ಗತಿಯೇನು! ಸರಿಯಾದ ಉತ್ತರ ೨೦೦ ಗ್ರಾಂ. ಉದ್ದವು ೮೭ ಪಟ್ಟು ಕುಗ್ಗಿದಾಗ ಗಾತ್ರವು ೮೭ನ್ನು ಮೂರು ಬಾರಿ ಗುಣಿಸಿದಷ್ಟು, ಎಂದರೆ ೬,೫೮,೫೦೩ ಪಟ್ಟು ಕುಗ್ಗುವುದು. ತೂಕವು ಗಾತ್ರವನ್ನೇ ಹಿಂಬಾಲಿಸುವುದು.

ದೊಡ್ಡ ವಸ್ತುವನ್ನು ಕಿರಿದು ಮಾಡಿ ಕಲಿಯುವುದು ಬಹು ಹಳೆಯ ಪದ್ಧತಿ. ಆದರೆ ಕಿರಿದು ಮಾಡುವಾಗ ಯಾವುದು ನಮ್ಮ ಕೈಗೆ ಬಂದಿತು, ಯಾವುದು ಜಾರಿಹೋಯಿತು ಎಂಬುದನ್ನು ಅರಿಯದೆ ಹೋದರೆ ಕಲಿತದ್ದೇ ತಪ್ಪಾದೀತು. ಆಸ್ಟ್ರೇಲಿಯದ ಡೀಸೆಲ್ ಎಂಜಿನ್ನುಗಳನ್ನು ನಿಜವಾದ ಹಳಿಯ ಮೇಲೂ, ಮಾದರಿ ರೈಲಿನ ಮೇಜಿನ ಮೇಲೂ, ಗಣಕಯಂತ್ರದ ಅನುಕರಣದಲ್ಲಿಯೂ ಒಟ್ಟಿಗೆ ಇಟ್ಟು ನೋಡಿದರೆ ಈ ಸಂಗತಿ ಸ್ಪಷ್ಟವಾಗುವುದು.

ಮೊದಲು ಹಳಿಯ ಮಾತು. ಆಸ್ಟ್ರೇಲಿಯವು ಒಂದೇ ರಾಷ್ಟ್ರವಾಗುವ ಮೊದಲು ಬೇರೆ ಬೇರೆ ವಸಾಹತುಗಳಾಗಿದ್ದಿತು. ಒಂದೊಂದು ವಸಾಹತೂ ತನ್ನ ಇಚ್ಛೆಯಂತೆ ಹಳಿ ಹಾಕಿತು. ನ್ಯೂ ಸೌತ್ ವೇಲ್ಸ್ ಎರಡು ಹಳಿಗಳ ನಡುವೆ ೧೪೩೫ ಮಿಲಿಮೀಟರು ಅಂತರವಿಟ್ಟರೆ, ನೆರೆಯ ವಿಕ್ಟೋರಿಯ ೧೬೦೦ ಇಟ್ಟಿತು. ಕ್ವೀನ್ಸ್‌ಲೆಂಡ್ ಖರ್ಚು ಉಳಿಸಲು ೧೦೬೭ಕ್ಕೆ ತೃಪ್ತವಾಯಿತು. ಸಿಡ್ನಿಯ ಹಳಿಯೂ ಮೆಲ್ಬರ್ನ್ ಹಳಿಯೂ ೧೮೮೩ರಲ್ಲಿ ಆಲ್ಬರಿ ಎಂಬ ಗಡಿಯೂರಿನಲ್ಲಿ ಕೂಡಿದುವು. ಕೂಡಿದುವೆಂಬುದು ಹೆಸರಿಗೆ ಮಾತ್ರ. ಪ್ರಯಾಣಿಕರು ಗಂಟುಮೂಟೆಗಳೊಡನೆ ಇಳಿದು ಇನ್ನೊಂದು ಗಾಡಿಯನ್ನು ಹತ್ತಬೇಕಾಗಿತ್ತು. ೧೯೬೨ರಲ್ಲಿ ಮೆಲ್ಬರ್ನಿನವರೆಗೆ ೧೪೩೫ರ ಹಳಿ ಹೋಗುವ ತನಕ, ಎಪ್ಪತ್ತೊಂಬತ್ತು ವರ್ಷ ಈ ಇಳಿದು ಹತ್ತುವ ಕೆಲಸ ನಡೆಯಿತು. ಹೋಟಗಿಯಲ್ಲಿ ಮುಂಬಯಿಯ ಬ್ರಾಡ್‌ಗೇಜು ಗಾಡಿಯಿಂದ ಇಳಿದು ಗದುಗಿನ ಮೀಟರ್‌ಗೇಜು ಗಾಡಿಯನ್ನು ಹಿಡಿದ ಸೊಲ್ಲಾಪುರ, ಅಕ್ಕಲಕೋಟೆಗಳ ಹಿರಿಯರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಡೀಸೆಲ್ ಎಂಜಿನ್ನು ಆ ದೇಶದಲ್ಲಿ ಏಕೆ ಅಷ್ಟು ಬೇಗ ನೆಲೆಯೂರಿತು ಎಂಬುದಕ್ಕೆ ಉತ್ತರ ನಲ್ಲರ್‌ಬರ್ ಬಯಲಿನಲ್ಲಿದೆ. ಪೋರ್ಟ್ ಆಗಸ್ಟದಿಂದ ಕಾಲ್‌ಗೂರ್ಲಿಯವರೆಗೆ ಸುಮಾರು ೧೬೯೦ ಕಿಲೋಮೀಟರು ಉದ್ದದ ಹಳಿಯು ೧೯೧೭ರಲ್ಲಿ ಪೂರ್ಣವಾಯಿತು. ಅದರಲ್ಲಿ ೪೭೮ ಕಿಲೋಮೀಟರು ಒಂದೇ ಒಂದು ತಿರುವೂ ಇಲ್ಲದ ನೇರ ದಾರಿ. ಜಗತ್ತಿನಲ್ಲಿ ಇಷ್ಟು ಉದ್ದದ ನೇರ ಹಳಿ ಬೇರೊಂದಿಲ್ಲ. ಆ ಬಯಲಿನಲ್ಲಿ ನದಿಯಿಲ್ಲ, ಮರವಿಲ್ಲ. ಬಾವಿ ತೋಡಿದರೆ ಸಿಕ್ಕುವುದು ಉಪ್ಪುನೀರು. ಉಗಿಯೆಂಜಿನ್ನಿಗೆ ನೀರೇ ಪ್ರಾಣ. ಉಪ್ಪುನೀರಾದರೋ ಬಾಯ್ಲರಿನ ಕೊಳವೆಗಳನ್ನು ತಿಂದುಹಾಕುವುದು. ಕುಡಿಯಲು ಸಾಲದ ನೀರನ್ನು ಎಂಜಿನ್ನಿಗಾಗಿ ದೂರದಿಂದ ಹೊತ್ತು ತರಬೇಕಾಗಿತ್ತು. ಇಂಥ ಸ್ಥಳಕ್ಕೆ ೧೯೫೧ರಲ್ಲಿ ಜಿಎಂ ವರ್ಗದ ಡೀಸೆಲ್ ಎಂಜಿನ್ನು ಬಂದಿತು. ನಕ್ಷೆ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯದು. ಕಟ್ಟಿದುದು ಸಿಡ್ನಿಯ ಬಳಿ ಗ್ರಾನ್‌ವಿಲ್ಲಿನ ಕ್ಲೈಡ್ ಕಾರ್ಖಾನೆ. ಹದಿನಾರು ಸಿಲಿಂಡರುಗಳು, ೧೫೦೦ ಅಶ್ವಶಕ್ತಿ. ಮೊದಲನೆಯ ಎಂಜಿನ್ನಿಗೆ ಅಂದಿನ ಪ್ರಧಾನಿ ರಾಬರ್ಟ್ ಮೆನ್ಝೀಸರ ಹೆಸರಿಟ್ಟರು. ಮರುವರ್ಷ ವಿಕ್ಟೋರಿಯಕ್ಕೆ ಬಂದ ಬಿ ವರ್ಗದ ಎಂಜಿನ್ನಿಗೆ ಎರಡು ತುದಿಗಳಲ್ಲಿಯೂ ಉಬ್ಬಿದ ಮೂಗು, ಎರಡರಲ್ಲಿಯೂ ಚಾಲಕನ ಕೋಣೆ. ಆದುದರಿಂದ ಅದನ್ನು ತಿರುಗಿಸಿ ನಿಲ್ಲಿಸುವ ಗೋಜು ತಪ್ಪಿತು. ನೀಲಿ ಮತ್ತು ಹೊಂಬಣ್ಣದ ಈ ಎಂಜಿನ್ನನ್ನು ಮಾದರಿಕಾರರು ಇಂದಿಗೂ ಪ್ರೀತಿಯಿಂದ ಮಾಡುತ್ತಾರೆ.

ನ್ಯೂ ಸೌತ್ ವೇಲ್ಸಿನ ೪೪ನೆಯ ವರ್ಗವು ನಮಗೆ ನಂಟಿನದು. ೧೯೫೭ರಿಂದ ಬಂದ ಈ ನೂರು ಎಂಜಿನ್ನುಗಳು ಅಮೆರಿಕದ ಆಲ್ಕೋ ಕಂಪನಿಯ ಡಿಎಲ್ ೫೦೦ ಎಂಬ ನಕ್ಷೆಯಿಂದ ಸಿಡ್ನಿಯಲ್ಲಿ ಗುಡ್‌ವಿನ್ ಕಾರ್ಖಾನೆಯವರು ಕಟ್ಟಿದವು. ಅದೇ ವರ್ಷದ ಸುಮಾರಿಗೆ ಅದೇ ಡಿಎಲ್ ೫೦೦ರ ಇನ್ನೊಂದು ರೂಪ ಭಾರತಕ್ಕೂ ಬಂದಿತು. ಡಬ್ಲ್ಯೂಡಿಎಂ-೧ ಎಂದು ಹೆಸರಾದ ಆ ನೂರು ಎಂಜಿನ್ನುಗಳೇ ನಮ್ಮ ಮುಖ್ಯ ಮಾರ್ಗಗಳ ಮೊದಲ ಡೀಸೆಲ್‌ಗಳು. ಅವು ಈಗ ಸೇವೆಯಲ್ಲಿಲ್ಲ. ಆದರೆ ಅವುಗಳ ಬಳಿಕ ವಾರಾಣಸಿಯಲ್ಲಿ ತಯಾರಾದ ಡಬ್ಲ್ಯೂಡಿಎಂ-೨ರಲ್ಲಿಯೂ ಆಲ್ಕೋ ಕಂಪನಿಯ ೨೫೧ ವಂಶದ ಯಂತ್ರವೇ ಇದ್ದಿತು. ಸೊಲ್ಲಾಪುರದ ನಿಲ್ದಾಣದಲ್ಲಿ ನಮ್ಮ ತಂದೆತಾಯಿಗಳು ಕೇಳಿದ ಗುಡುಗುಡು ಸದ್ದಿಗೂ ಸಿಡ್ನಿಯ ಹುಡುಗರು ಕೇಳಿದ ಸದ್ದಿಗೂ ರಕ್ತಸಂಬಂಧವಿದೆ ಎನ್ನಬಹುದು.

ಡೀಸೆಲ್ ಎಂಜಿನ್ನು ಎಂಬ ಹೆಸರು ಅರ್ಧ ಸತ್ಯ ಮಾತ್ರ. ಗಾಲಿಯನ್ನು ತಿರುಗಿಸುವುದು ಡೀಸೆಲ್ ಅಲ್ಲ, ವಿದ್ಯುತ್ತು. ಡೀಸೆಲ್ ಯಂತ್ರವು ನಿಂತಲ್ಲಿಂದಲೇ ಭಾರವನ್ನು ಎಳೆದು ಹೊರಡಲಾರದು. ಲಾರಿಯಲ್ಲಿ ಈ ಕಾರಣಕ್ಕಾಗಿಯೇ ಗೇರು, ಕ್ಲಚ್ಚುಗಳಿವೆ. ಸಾವಿರಾರು ಟನ್ನಿನ ಗಾಡಿಗೆ ಅಂಥ ಕ್ಲಚ್ಚನ್ನು ಹಾಕಿದರೆ ಅದು ಸುಟ್ಟು ಹೋಗುವುದು. ಆದುದರಿಂದ ಯಂತ್ರವು ವಿದ್ಯುಜ್ಜನಕವನ್ನು ತಿರುಗಿಸುವುದು. ಅದರ ವಿದ್ಯುತ್ತು ಗಾಲಿಗಳ ಅಚ್ಚಿಗೆ ಜೋಡಿಸಿದ ಮೋಟಾರುಗಳಿಗೆ ಹರಿಯುವುದು. ಮೋಟಾರಿಗೆ ನಿಂತಲ್ಲಿಂದ ಎಳೆಯುವುದೇ ಬಲು ಸುಲಭ. ಚಾಲಕನ ಕೈಯ ಹಿಡಿಗೆ ಸಾಮಾನ್ಯವಾಗಿ ಎಂಟು ಮೆಟ್ಟಿಲು. ಇಳಿಜಾರಿನಲ್ಲಿ ಅವವೇ ಮೋಟಾರುಗಳನ್ನು ವಿದ್ಯುಜ್ಜನಕಗಳನ್ನಾಗಿ ಮಾಡಿದರೆ ಗಾಡಿಯ ವೇಗವೇ ವಿದ್ಯುತ್ತಾಗಿ, ಆ ವಿದ್ಯುತ್ತು ಮಾಳಿಗೆಯ ತಂತಿಗಳಲ್ಲಿ ಶಾಖವಾಗಿ ಹಾರಿಹೋಗುವುದು, ಗಾಡಿ ನಿಧಾನವಾಗುವುದು.

ಈಗ ಸ್ವಲ್ಪ ಲೆಕ್ಕ. ೧೯೯೬ರಿಂದ ಬಂದ ಎನ್‌ಆರ್ ವರ್ಗದ ಶಕ್ತಿ ಸುಮಾರು ೪೦೦೦ ಅಶ್ವಶಕ್ತಿ, ಎಂದರೆ ೩೦೦೦ ಕಿಲೋವಾಟು. ಶಕ್ತಿಯನ್ನು ವೇಗದಿಂದ ಭಾಗಿಸಿದರೆ ಎಳೆಯುವ ಬಲ ಸಿಕ್ಕುವುದು. ನಡುವಣ ನಷ್ಟಗಳನ್ನು ಬಿಟ್ಟರೆ, ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಈ ಬಲ ೧೧ ಟನ್ನು ಭಾರಕ್ಕೆ ಸಮ, ೫೦ರಲ್ಲಿ ೨೨, ೨೫ರಲ್ಲಿ ೪೪. ಹೀಗೆಯೇ ನಿಧಾನಿಸಿದಷ್ಟೂ ಬಲ ಹೆಚ್ಚುತ್ತ ಹೋಗುವುದೆ? ಇಲ್ಲ. ಉಕ್ಕಿನ ಗಾಲಿಯು ಉಕ್ಕಿನ ಹಳಿಯನ್ನು ಹಿಡಿಯುವ ಶಕ್ತಿ, ಎಂಜಿನ್ನಿನ ತೂಕದ ಸುಮಾರು ಕಾಲುಭಾಗವೆಂದು ಇಟ್ಟುಕೊಂಡರೆ, ೩೩ ಟನ್ನು. ಅದಕ್ಕೆ ಮೀರಿ ಎಳೆದರೆ ಗಾಲಿ ನಿಂತಲ್ಲೇ ಜಾರಿ ಸುತ್ತುವುದು. ಹಳಿಯ ಮೇಲೆ ಮರಳನ್ನು ಉದುರಿಸಿ ಹಿಡಿತವನ್ನು ಹೆಚ್ಚಿಸುವುದುಂಟು. ೪೦೦೦ ಟನ್ನಿನ ಗಾಡಿಯು ನೂರಕ್ಕೆ ಒಂದರ ಏರನ್ನು ಹತ್ತಬೇಕಾದರೆ ಏರಿಗಾಗಿಯೇ ೪೦ ಟನ್ನು ಬಲ ಬೇಕು. ಒಂದು ಎಂಜಿನ್ನಿನಿಂದ ಆಗದು, ಎರಡು ಬೇಕು. ಸಿಡ್ನಿಯ ಪಶ್ಚಿಮದ ನೀಲಗಿರಿಯಲ್ಲಿ, ಎಂದರೆ ಅಲ್ಲಿಯವರು ಬ್ಲೂ ಮೌಂಟನ್ಸ್ ಎನ್ನುವ ಬೆಟ್ಟಗಳಲ್ಲಿ, ಏರು ಮೂವತ್ತಮೂರಕ್ಕೆ ಒಂದು. ಹಿಂದೆ ಅಲ್ಲಿ ವ್ಯಾಲಿ ಹೈಟ್ಸ್ ಎಂಬಲ್ಲಿ ಗಾಡಿಗಳಿಗೆ ಸಹಾಯಕ ಎಂಜಿನ್ನುಗಳನ್ನು ಸೇರಿಸುತ್ತಿದ್ದರು.

ಇನ್ನು ಮೇಜಿನ ಮೇಲಣ ರೈಲು. ಹೆಚ್ಚು ಬಳಕೆಯ ಪ್ರಮಾಣ ಎಚ್‌ಓ ಎಂಬುದು, ೮೭ಕ್ಕೆ ಒಂದು. ಅದರ ಹಳಿಯ ಅಂತರ ಹದಿನಾರೂವರೆ ಮಿಲಿಮೀಟರು. ೧೪೩೫ನ್ನು ೮೭ರಿಂದ ಭಾಗಿಸಿ ನೋಡಿದರೆ ಸರಿಹೊಂದುವುದು. ಆದರೆ ವಿಕ್ಟೋರಿಯದ ೧೬೦೦ರ ಹಳಿಗೆ ಸುಮಾರು ೧೮.೪ ಬೇಕು. ಅಂಗಡಿಯಲ್ಲಿ ಸಿಕ್ಕುವುದು ಹದಿನಾರೂವರೆಯದೇ ಆದುದರಿಂದ ವಿಕ್ಟೋರಿಯದ ಬಿ ವರ್ಗವನ್ನು ಹೆಚ್ಚಿನವರು ಕಿರಿದಾದ ಹಳಿಯ ಮೇಲೆಯೇ ಓಡಿಸಿ ಕಣ್ಣುಮುಚ್ಚಿಕೊಳ್ಳುವರು. ಕ್ವೀನ್ಸ್‌ಲೆಂಡಿನವರ ಜಾಣತನ ಮೆಚ್ಚತಕ್ಕದ್ದು. ಅವರಲ್ಲಿ ಹಲವರು ಪ್ರಮಾಣವನ್ನೇ ಬದಲಿಸಿ, ೬೪ಕ್ಕೆ ಒಂದು ಎಂದು ಸ್ವಲ್ಪ ದೊಡ್ಡ ಎಂಜಿನ್ನನ್ನು ಮಾಡಿದರು. ೧೦೬೭ನ್ನು ೬೪ರಿಂದ ಭಾಗಿಸಿದರೆ ಬರುವುದು ೧೬.೬೭, ಅಂಗಡಿಯ ಹಳಿಯೇ ಸಾಕಾಯಿತು! ನೂರು ವರ್ಷಕ್ಕೂ ಹಿಂದೆ ವಸಾಹತುಗಳು ಮಾಡಿದ ಹಳಿಯ ಜಗಳ ಈಗಿನವರ ಊಟದ ಮೇಜಿನ ಮೇಲೂ ಮುಂದುವರಿದಿರುವುದನ್ನು ಕಂಡರೆ ನಗು ಬರುವುದು.

ಮಾದರಿಯಲ್ಲಿ ಆಕಾರ ಬರುವುದು, ಬಣ್ಣ ಬರುವುದು. ಪುಟ್ಟ ಧ್ವನಿವರ್ಧಕವನ್ನು ಒಳಗಿಟ್ಟರೆ ಧ್ವನಿಯೂ ಬರುವುದು. ಜಾರಿಹೋಗುವುದು ಭಾರ. ೨೦೦ ಗ್ರಾಂ ಎಂಜಿನ್ನಿಗೆ ಐವತ್ತು ಗ್ರಾಂ ಎಳೆಯುವುದೂ ಕಷ್ಟ; ಆದಕಾರಣ ಮಾದರಿಗಳ ಹೊಟ್ಟೆಯಲ್ಲಿ ಲೋಹದ ತುಂಡುಗಳನ್ನು ತುಂಬುವರು. ನಿಲ್ಲುವುದರಲ್ಲಿಯಂತೂ ಮಾದರಿಗೂ ನಿಜಕ್ಕೂ ಹೋಲಿಕೆಯೇ ಇಲ್ಲ. ಗಂಟೆಗೆ ೮೦ ಕಿಲೋಮೀಟರು ವೇಗದ ಗೂಡ್ಸ್ ಗಾಡಿಯ ವೇಗವು ಬ್ರೇಕಿನಿಂದ ಪ್ರತಿ ಸೆಕೆಂಡಿಗೆ, ಸೆಕೆಂಡಿನ ಕಾಲು ಮೀಟರಿನಷ್ಟು ಇಳಿಯುವುದೆಂದು ಎಣಿಸೋಣ. ಅದು ನಿಲ್ಲಲು ಸುಮಾರು ೮೯ ಸೆಕೆಂಡೂ ಒಂದು ಕಿಲೋಮೀಟರೂ ಬೇಕು. ಒಂದು ಕಿಲೋಮೀಟರು ಮಾದರಿಯಲ್ಲಿ ಹನ್ನೊಂದೂವರೆ ಮೀಟರು. ಆದರೆ ಮೇಜಿನ ರೈಲು ಗುಂಡಿ ತಿರುಗಿಸಿದೊಡನೆ ಗೇಣು ದೂರದೊಳಗೆ ನಿಲ್ಲುವುದು. ಇದನ್ನೇ ನೋಡಿ ಬೆಳೆದ ಮಗುವು, ಗೇಟಿನಲ್ಲಿ ಚಾಲಕನು ತನ್ನನ್ನು ಕಂಡು ನಿಲ್ಲಿಸುವನೆಂದು ನಂಬಿದರೆ ಪರಿಣಾಮ ಘೋರವಾದುದು. ಹಳಿಯ ಮೂಲಕವೇ ಆದೇಶ ಕಳುಹಿಸುವ ಈಚಿನ ಮಾದರಿಗಳಲ್ಲಿ ಪುಟ್ಟದೊಂದು ವಿದ್ಯುತ್ ಸಾಧನವು ಜಡತ್ವವನ್ನು ನಟಿಸುವುದು: ಗುಂಡಿಯನ್ನು ಸೊನ್ನೆಗೆ ತಂದರೂ ಎಂಜಿನ್ನು ಮೆಲ್ಲಮೆಲ್ಲನೆ ನಿಲ್ಲುವುದು. ಮಕ್ಕಳಿಗೆ ಇಂಥದನ್ನೇ ಕೊಡಿಸುವುದು ಮೇಲು.

ಭಾರವು ಹಿಂತಿರುಗಿ ಬರುವುದು ಗಣಕಯಂತ್ರದ ಅನುಕರಣದಲ್ಲಿ. ಇಲ್ಲಿ ಎಂಜಿನ್ನು ಇಲ್ಲ, ಅಂಕಿಗಳು ಮಾತ್ರ. ಒಂದೊಂದು ಡಬ್ಬಿಗೂ ತೂಕ, ಉರುಳುವ ತಡೆ, ಏರಿಳಿತ, ಬ್ರೇಕಿನ ಗಾಳಿಯ ಒತ್ತಡ ಇವನ್ನು ಕೊಟ್ಟರೆ ಗಣಕವು ನ್ಯೂಟನ್ನನ ನಿಯಮದಂತೆ ಸೆಕೆಂಡಿಗೆ ಹಲವು ಬಾರಿ ಲೆಕ್ಕಹಾಕಿ ಗಾಡಿಯನ್ನು ಮುಂದೆ ಸರಿಸುವುದು. ೨೦೦೧ರಲ್ಲಿ ಹೊರಬಂದ 'ಟ್ರೇನ್ಝ್' ಎಂಬ ಅನುಕರಣ ಬ್ರಿಸ್ಬೇನಿನಲ್ಲಿಯೇ ಹುಟ್ಟಿದುದು. ಅದೇ ವರ್ಷ ಮೈಕ್ರೋಸಾಫ್ಟಿನದೊಂದು ಬಂದಿತು. ಅದಕ್ಕೆಂದು ಮಾಡಿದ ಮಾರ್ಗಗಳನ್ನೂ ಎಂಜಿನ್ನುಗಳನ್ನೂ ಮುಂದೆ ಉತ್ಸಾಹಿಗಳು ಕಟ್ಟಿದ 'ಓಪನ್ ರೈಲ್ಸ್' ಓಡಿಸುತ್ತಿದೆ.

ಉತ್ತಮವಾದ ಅನುಕರಣವು ಗಾಳಿಬ್ರೇಕಿನ ನಿಧಾನವನ್ನೂ ತೋರಿಸುವುದು. ಆಸ್ಟ್ರೇಲಿಯದ ಪೂರ್ವ ಪಶ್ಚಿಮ ಮಾರ್ಗದಲ್ಲಿ ೧೮೦೦ ಮೀಟರು ಉದ್ದದ ಗೂಡ್ಸ್ ಗಾಡಿಗಳುಂಟು. ಕೊಳವೆಯ ಗಾಳಿಯಲ್ಲಿ ಒತ್ತಡದ ಇಳಿತವು ಶಬ್ದದ ವೇಗಕ್ಕಿಂತ ಬೇಗ ಸಾಗಲಾರದು. ಆದುದರಿಂದ ಚಾಲಕನು ಬ್ರೇಕು ಹಾಕಿದ ಸುದ್ದಿ ಕೊನೆಯ ಡಬ್ಬಿಗೆ ಮುಟ್ಟಲು ಐದು ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ೮೦ರ ವೇಗದ ಗಾಡಿ ನೂರು ಮೀಟರು ಮೀರಿ ಮುಂದೆ ಬಂದಿರುವುದು. ಮುಂದಿನವು ನಿಧಾನಿಸಿ ಹಿಂದಿನವು ಇನ್ನೂ ಓಡುತ್ತಿರುವಾಗ ಡಬ್ಬಿಗಳು ಒಂದನ್ನೊಂದು ನೂಕುವುವು. ಇದನ್ನು ಹಗುರವಾಗಿ ನಿಭಾಯಿಸುವುದೇ ಚಾಲಕನ ವಿದ್ಯೆ. ರೈಲ್ವೆಗಳು ಚಾಲಕರನ್ನು ಅನುಕರಣಯಂತ್ರಗಳ ಮೇಲೆ ಪಳಗಿಸುವುದು ಇದಕ್ಕಾಗಿಯೇ. ಮಗನು ಗಣಕದ ಮುಂದೆ ಕುಳಿತು ರೈಲು ಬಿಡುವುದನ್ನು ಕಂಡು ಬೇಸರಪಡುವ ತಂದೆಯವರು ಒಂದು ಸಂಗತಿಯನ್ನು ಗಮನಿಸಲಿ: ಅವನು ಬರಿಯ ಸೀಟಿಯನ್ನೇ ಊದುತ್ತಿರುವನೋ, ಬ್ರೇಕಿನ ಮುಳ್ಳನ್ನು ಓದುತ್ತಿರುವನೋ? ಎರಡನೆಯದಾದರೆ ಅದು ಭೌತಶಾಸ್ತ್ರದ ಪಾಠವೇ ಸರಿ.

ಭಾರವೆಂದರೇನೆಂಬುದನ್ನು ಪಶ್ಚಿಮ ಆಸ್ಟ್ರೇಲಿಯದ ಪಿಲ್ಬರ ಪ್ರದೇಶ ತೋರಿಸಿದೆ. ೨೦೦೧ರ ಜೂನ್ ೨೧ರಂದು ಅಲ್ಲಿ ೬೮೨ ಡಬ್ಬಿ, ಎಂಟು ಎಂಜಿನ್ನುಗಳ ಕಬ್ಬಿಣದ ಅದುರಿನ ಗಾಡಿಯೊಂದು ಓಡಿತು. ಉದ್ದ ಏಳು ಕಿಲೋಮೀಟರಿಗೂ ಹೆಚ್ಚು, ತೂಕ ಸುಮಾರು ಒಂದು ಲಕ್ಷ ಟನ್ನು. ಅದೇ ಪ್ರದೇಶದಲ್ಲಿ ೨೦೧೮ರ ನವೆಂಬರ್ ೫ರಂದು ಅದುರು ತುಂಬಿದ ೨೬೮ ಡಬ್ಬಿಗಳ ಗಾಡಿಯೊಂದು ಬ್ರೇಕಿನ ವಿದ್ಯುತ್ ಸಂಪರ್ಕ ತಪ್ಪಿ ನಿಂತಿತು. ಚಾಲಕನು ಕೆಳಗಿಳಿದನು. ಒಂದು ಗಂಟೆಯ ಬಳಿಕ ವಿದ್ಯುತ್ ಬ್ರೇಕು ತಾನಾಗಿ ಸಡಿಲಿತು. ಚಾಲಕನಿಲ್ಲದ ಗಾಡಿ ಇಳಿಜಾರಿನಲ್ಲಿ ೯೨ ಕಿಲೋಮೀಟರು ಓಡಿತು. ಪೋರ್ಟ್ ಹೆಡ್‌ಲೆಂಡ್ ಪಟ್ಟಣವನ್ನು ಮುಟ್ಟುವ ಮುನ್ನ, ದೂರದ ಪರ್ತ್ ನಗರದ ನಿಯಂತ್ರಣ ಕೊಠಡಿಯವರು ಬೇಕೆಂದೇ ಅದನ್ನು ಹಳಿ ತಪ್ಪಿಸಿದರು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಅದೇ ವರ್ಷ ಅದೇ ಪಿಲ್ಬರದಲ್ಲಿ ಇನ್ನೊಂದು ಕಂಪನಿಯ ಗಾಡಿಗಳು ಉದ್ದೇಶಪೂರ್ವಕವಾಗಿಯೇ ಚಾಲಕನಿಲ್ಲದೆ ಓಡತೊಡಗಿದುವು. ಅವುಗಳಲ್ಲಿ ಬ್ರೇಕಿನ ಲೆಕ್ಕವನ್ನು ಗಣಕವೇ ಮಾಡುವುದು.

ವಿದ್ಯಾರ್ಥಿಗಳು ಮನೆಯಲ್ಲಿ ಮಾಡಬಹುದಾದ ಒಂದು ಲೆಕ್ಕವಿದೆ. ನಲ್ಲರ್‌ಬರಿನ ನೇರ ಹಳಿಯನ್ನು ೮೭ಕ್ಕೆ ಒಂದರಂತೆ ಹಾಕಲು ಐದೂವರೆ ಕಿಲೋಮೀಟರು ಸ್ಥಳ ಬೇಕು. ನಿಜವಾದ ಗಾಡಿ ಗಂಟೆಗೆ ೧೦೦ ಕಿಲೋಮೀಟರಿನಂತೆ ಓಡಿದರೆ ಅದನ್ನು ದಾಟಲು ೪ ಗಂಟೆ ೪೭ ನಿಮಿಷ. ಮಾದರಿಯ ವೇಗವನ್ನೂ ೮೭ರಿಂದ ಭಾಗಿಸಿ ಓಡಿಸಿದರೆ ಎಷ್ಟು ಹೊತ್ತು ಹಿಡಿಯುವುದು? ಅದೇ ೪ ಗಂಟೆ ೪೭ ನಿಮಿಷ.